ಪಟ್ಟಿಗಳು ಹೇಳದೆ ಉಳಿಸಿದ್ದು

ನನ್ನ ಹಳೆಯ ಪ್ರಯೋಗಾಲಯದ ನೋಟುಬುಕ್ಕಿನಲ್ಲಿ ಒಂದು ಫೋಟೊ ಅಂಟಿಸಿದೆ. ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಗೆರೆಗಳು. ಹನ್ನೆರಡು ಸಾಲು, ಪ್ರತಿ ಸಾಲಿನಲ್ಲೂ ಎಂಟು ಪಟ್ಟಿ. ಹನ್ನೆರಡೂ ಸಾಲುಗಳು ಒಂದೇ ಅಚ್ಚಿನಿಂದ ತೆಗೆದ ಹಾಗಿವೆ. ಒಂದೊಂದು ಸಾಲೂ ಒಂದೊಂದು ಪೈನ್ ಮರದ ಡಿಎನ್‌ಎ. ಆರು ಮರ ಒಂದು ಬೆಟ್ಟದ್ದು, ಆರು ಮರ ಇನ್ನೊಂದು ಬೆಟ್ಟದ್ದು. ಫೋಟೊದ ಕೆಳಗೆ ಪೆನ್ಸಿಲಿನಲ್ಲಿ 'ವೈವಿಧ್ಯ ಇಲ್ಲ' ಎಂದು ಬರೆದಿದ್ದೇನೆ. ಹಾಗೆ ಬರೆದು ಬಹಳ ವರ್ಷಗಳಾದವು. ಆ ಎರಡು ಪದಗಳು ಎಷ್ಟೆಲ್ಲ ಬಗೆಯಲ್ಲಿ ತಪ್ಪಾಗಿದ್ದವು ಎಂದು ಒಂದೊಂದಾಗಿ ಗೊತ್ತಾಗುತ್ತ ಹೋಯಿತು. ಪೈನ್ ಮರಗಳ ಬಗ್ಗೆ ನಾನು ಕಲಿತದ್ದರಲ್ಲಿ ಹೆಚ್ಚಿನ ಪಾಲು ಅದೇ.

ಆ ಪಟ್ಟಿಗಳನ್ನು ಪಡೆಯಲು ಪಟ್ಟ ಪಾಡು ಇನ್ನೂ ಕೈಗೆ ನೆನಪಿದೆ. ಪೈನ್‌ನ ಸೂಜಿ ಎಲೆ ಗಡುಸು, ಅದರ ಮೈತುಂಬ ರಾಳ. ಜೊತೆಗೆ ಫೀನಾಲ್ ಜಾತಿಯ ರಾಸಾಯನಿಕಗಳು ಬೇರೆ. ಎಲೆ ಜಜ್ಜಿದ ಕೂಡಲೆ ಅವು ಗಾಳಿಗೆ ಕಂದಾಗಿ ಡಿಎನ್‌ಎಗೆ ಅಂಟಿಕೊಳ್ಳುತ್ತವೆ. ಹಾಗಾಗದಂತೆ ಎಲೆಯನ್ನು ದ್ರವ ಸಾರಜನಕದಲ್ಲಿ ಅರೆಯಬೇಕು. ಮೈನಸ್ 196 ಡಿಗ್ರಿಯ ಆ ದ್ರವವನ್ನು ಪಿಂಗಾಣಿಯ ಕುಟ್ಟಾಣಿಗೆ ಸುರಿದರೆ ಬಿಳಿ ಹಬೆ ಮೇಜಿನ ಅಂಚಿನಿಂದ ಕೆಳಕ್ಕೆ ಇಳಿಯುತ್ತದೆ. ಎಲೆ ಗಾಜಿನ ಕಡ್ಡಿಯಂತೆ ಚಟಚಟ ಮುರಿಯುತ್ತದೆ. ಹಬೆ ಆರುವುದರೊಳಗೆ ಅದು ತಿಳಿಹಸಿರು ಹಿಟ್ಟಾಗಬೇಕು. ಆ ಹಿಟ್ಟನ್ನು ಸಿಟಿಎಬಿ ಎಂಬ ಮಾರ್ಜಕ ಬೆರೆಸಿದ ದ್ರಾವಣದಲ್ಲಿ ಕದಡಿ, 65 ಡಿಗ್ರಿ ಬಿಸಿಯಲ್ಲಿಟ್ಟು, ಕ್ಲೋರೋಫಾರ್ಮ್‌ನಿಂದ ತೊಳೆದು, ಕೊನೆಗೆ ತಣ್ಣನೆಯ ಐಸೊಪ್ರೊಪನಾಲ್ ಸುರಿದರೆ ಕೊಳವೆಯ ನಡುವೆ ಹತ್ತಿಯ ಎಳೆಯಂಥದ್ದೇನೋ ತೇಲಿಬರುತ್ತದೆ. ಎಳೆ ಬೆಳ್ಳಗಿದ್ದರೆ ಆ ದಿನ ಗೆದ್ದ ಹಾಗೆ. ಕಂದಾಗಿದ್ದರೆ ಮುಂದಿನ ಯಾವ ಹಂತವೂ ನಡೆಯುವುದಿಲ್ಲ. ಮೊದಲ ಎರಡು ತಿಂಗಳು ನನಗೆ ಬಂದದ್ದೆಲ್ಲ ಕಂದು ಎಳೆಯೇ.

ನಾನು ಆಗ ಬಳಸಿದ್ದು ಆರ್‌ಎಪಿಡಿ ಎಂಬ ವಿಧಾನ. 1990ರಲ್ಲಿ ಬಂದದ್ದು. ಮರದ ಡಿಎನ್‌ಎ ಬಗ್ಗೆ ಮೊದಲೇ ಏನೂ ತಿಳಿಯದಿದ್ದರೂ ನಡೆಯುತ್ತದೆ ಎಂಬ ಕಾರಣಕ್ಕೆ ಕಡಿಮೆ ಹಣದ ಪ್ರಯೋಗಾಲಯಗಳಿಗೆಲ್ಲ ಅದು ವರವಾಗಿತ್ತು. ಹತ್ತು ಅಕ್ಷರಗಳ ಒಂದು ಚಿಕ್ಕ ಡಿಎನ್‌ಎ ತುಂಡನ್ನು, ಅಂದರೆ ಪ್ರೈಮರನ್ನು, ಮರದ ಡಿಎನ್‌ಎ ಜೊತೆ ಬೆರೆಸುತ್ತೇವೆ. ಅದು ತನಗೆ ಹೊಂದುವ ಜಾಗ ಸಿಕ್ಕಲ್ಲಿ ಕೂರುತ್ತದೆ. ಅಂಥ ಎರಡು ಜಾಗಗಳು ಎದುರುಬದುರಾಗಿ, ಸಾಕಷ್ಟು ಹತ್ತಿರ ಇದ್ದರೆ ನಡುವಿನ ತುಂಡು ಪಿಸಿಆರ್ ಯಂತ್ರದಲ್ಲಿ ಕೋಟಿಗಟ್ಟಲೆ ಪ್ರತಿಯಾಗುತ್ತದೆ. ತುಂಡುಗಳನ್ನು ಉದ್ದದ ಪ್ರಕಾರ ಬೇರ್ಪಡಿಸುವ ಜೆಲ್‌ನಲ್ಲಿ ಓಡಿಸಿದಾಗ ಅದೇ ಒಂದು ಪಟ್ಟಿ. ಎರಡು ಮರಗಳ ನಡುವೆ ಅಲ್ಲಿ ವ್ಯತ್ಯಾಸವಿದ್ದರೆ ಒಂದರಲ್ಲಿ ಪಟ್ಟಿ ಕಾಣುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ.

ನನ್ನ ಮಾರ್ಗದರ್ಶಕರಾಗಿದ್ದ ಮೇಡಂ ಫೋಟೊ ನೋಡಿದರು, ಅದರ ಕೆಳಗಿನ ಬರಹವನ್ನೂ ನೋಡಿದರು. ಬೈಯಲಿಲ್ಲ.

"ಪ್ರೈಮರಿಗೆ ಎಷ್ಟು ಅಕ್ಷರ?" ಎಂದರು.

"ಹತ್ತು, ಮೇಡಂ."

"ಪಟ್ಟಿ ಎಂಟು. ಒಂದೊಂದು ಪಟ್ಟಿಗೂ ಎರಡು ತುದಿ. ಹಾಗಾದರೆ ಈ ಮರದ ಎಷ್ಟು ಅಕ್ಷರ ಓದಿದ ಹಾಗಾಯಿತು ನೀನು? ಲೆಕ್ಕ ಹಾಕಿ ತಾ."

ಲೆಕ್ಕಕ್ಕೆ ಒಂದು ನಿಮಿಷವೂ ಬೇಕಾಗಲಿಲ್ಲ: ನೂರ ಅರವತ್ತು. ತುದಿಗಳ ನಡುವಿನ ಭಾಗದಲ್ಲಿ ಅಕ್ಷರಗಳು ಬದಲಾಗಿದ್ದರೂ ತುಂಡಿನ ಉದ್ದ ಹೆಚ್ಚುಕಡಿಮೆ ಆಗದಿದ್ದರೆ ಜೆಲ್‌ಗೆ ಅದು ತಿಳಿಯುವುದಿಲ್ಲ. ಪೈನ್‌ನ ಡಿಎನ್‌ಎ ಎಷ್ಟು ಉದ್ದ ಎಂದು ಆಮೇಲೆ ಹುಡುಕಿದೆ. ಮನುಷ್ಯರದ್ದು ಸುಮಾರು 300 ಕೋಟಿ ಅಕ್ಷರ. ಅಮೆರಿಕದ ದಕ್ಷಿಣದ ಲಾಬ್‌ಲಾಲಿ ಪೈನ್‌ನದ್ದು ಸುಮಾರು 2,200 ಕೋಟಿ. ನನ್ನ ಫೋಟೊ ಓದಿದ್ದು ಹದಿನಾಲ್ಕು ಕೋಟಿಯಲ್ಲಿ ಹೆಚ್ಚುಕಡಿಮೆ ಒಂದು ಪಾಲು. ಅಷ್ಟನ್ನು ನೋಡಿ ಎರಡು ಬೆಟ್ಟಗಳ ಕಾಡಿನ ಬಗ್ಗೆ ತೀರ್ಪು ಬರೆದುಬಿಟ್ಟಿದ್ದೆ.

ಆದರೆ ಆ ಲೆಕ್ಕಕ್ಕಿಂತ ಹೆಚ್ಚು ಕಲಿಸಿದ್ದು ಅವರು ಹೇಳಿದ ಮುಂದಿನ ಕೆಲಸ. "ಎಲೆ ಬಿಡು, ಬೀಜ ತೆಗೆದುಕೊಂಡು ಬಾ. ಒಂದೇ ಮರದ್ದು ಎಂಟು ಬೀಜ. ಮರ ಯಾವುದು ಎಂದು ಗುರುತು ಹಾಕಿಟ್ಟಿರು."

ಪೈನ್ ಬೀಜವನ್ನು ಒಂದು ರಾತ್ರಿ ನೀರಿನಲ್ಲಿ ನೆನೆಹಾಕಿ, ಹೊರಗಿನ ಗಟ್ಟಿ ಸಿಪ್ಪೆಯನ್ನು ಒಡೆದರೆ ಒಳಗೆ ಕಾಗದದಷ್ಟು ತೆಳುವಾದ ಕಂದು ಪೊರೆ. ಅದನ್ನು ಚಿಮಟದಿಂದ ಎಳೆದರೆ ಕೆನೆಬಣ್ಣದ ತಿರುಳು. ಬ್ಲೇಡಿನಿಂದ ಉದ್ದಕ್ಕೆ ಸೀಳಿದಾಗ ಆ ತಿರುಳಿನ ನಡುವಿನ ಪೊಳ್ಳಿನಲ್ಲಿ ಬಿಳಿಯ ಚಿಕ್ಕ ಕಡ್ಡಿಯ ಹಾಗೆ ಭ್ರೂಣ ಮಲಗಿರುತ್ತದೆ. ನಾಳೆಯ ಮರ ಅದು. ತಂದೆಯ ಅರ್ಧ, ತಾಯಿಯ ಅರ್ಧ. ಸುತ್ತಲಿನ ತಿರುಳು ಅದರ ಬುತ್ತಿ. ಹೂ ಬಿಡುವ ಗಿಡಗಳಲ್ಲಿ ಇಂಥ ಬುತ್ತಿಯಲ್ಲಿ ತಂದೆಯದೂ ಪಾಲಿರುತ್ತದೆ. ಪೈನ್‌ನಲ್ಲಿ ಹಾಗಲ್ಲ. ಪರಾಗ ಬಂದು ಅಂಡವನ್ನು ಸೇರುವ ಮೊದಲೇ ಈ ತಿರುಳು ತಾಯಿಯ ಒಂದೇ ಕೋಶದಿಂದ ಬೆಳೆದಿರುತ್ತದೆ. ಅದರಲ್ಲಿರುವುದು ತಾಯಿಯ ಡಿಎನ್‌ಎಯ ಎರಡು ಪ್ರತಿಗಳಲ್ಲಿ ಒಂದು ಮಾತ್ರ. ಮರದ ಕೋಶದಲ್ಲಿ 24 ವರ್ಣತಂತುಗಳಿದ್ದರೆ ಇದರಲ್ಲಿ 12. ಪಠ್ಯಪುಸ್ತಕದಲ್ಲಿ ಇದರ ಹೆಸರು ಮೆಗಾಗ್ಯಾಮಿಟೊಫೈಟ್. ನಾವು ಪ್ರಯೋಗಾಲಯದಲ್ಲಿ ತಾಯಿತಿರುಳು ಎನ್ನುತ್ತಿದ್ದೆವು.

ಇದರಿಂದ ಏನು ಲಾಭ ಎಂಬುದು ನನಗೆ ಜೆಲ್ ಮುಂದೆ ನಿಂತಾಗಲೇ ಹೊಳೆದದ್ದು. ಒಂದು ಮರದಲ್ಲಿ ಒಂದು ಜಾಗದ ಎರಡು ಪ್ರತಿಗಳಲ್ಲಿ ಒಂದು ಪಟ್ಟಿ ಕೊಡುತ್ತದೆ, ಇನ್ನೊಂದು ಕೊಡುವುದಿಲ್ಲ ಎಂದುಕೊಳ್ಳಿ. ಎಲೆಯ ಡಿಎನ್‌ಎ ನೋಡಿದರೆ ಪಟ್ಟಿ ಇದ್ದೇ ಇರುತ್ತದೆ. ಎರಡೂ ಪ್ರತಿ ಪಟ್ಟಿ ಕೊಡುವ ಮರಕ್ಕೂ ಇದಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಪಟ್ಟಿ ಇಲ್ಲದ ಪ್ರತಿ ಇನ್ನೊಂದರ ಹಿಂದೆ ಅಡಗಿ ಕುಳಿತಿರುತ್ತದೆ. ತಾಯಿತಿರುಳಿನಲ್ಲಿ ಅಡಗಲು ಜಾಗವೇ ಇಲ್ಲ. ಒಂದೊಂದು ಬೀಜಕ್ಕೂ ಒಂದೊಂದೇ ಪ್ರತಿ. ಅರ್ಧದಷ್ಟು ಬೀಜಗಳಲ್ಲಿ ಪಟ್ಟಿ ಬರಬೇಕು, ಇನ್ನರ್ಧದಲ್ಲಿ ಬರಬಾರದು. ಎಂಟು ಬೀಜ ನೋಡಿದರೆ ಎಂಟೂ ಒಂದೇ ಥರ ಬಂದು ನಮ್ಮನ್ನು ಮೋಸಗೊಳಿಸುವ ಸಂಭವ 128ರಲ್ಲಿ ಒಂದು.

ನಾಲ್ಕನೆಯ ಮರದ ಎಂಟು ಬೀಜಗಳನ್ನು ಓಡಿಸಿದೆ. ಮೇಲಿನಿಂದ ಐದನೆಯ ಪಟ್ಟಿ ಐದು ಬೀಜಗಳಲ್ಲಿ ಇತ್ತು, ಮೂರರಲ್ಲಿ ಇರಲಿಲ್ಲ. ನಂಬದೆ ಮತ್ತೆರಡು ಸಲ ಓಡಿಸಿದೆ, ಏಕೆಂದರೆ ಆರ್‌ಎಪಿಡಿ ವಿಧಾನಕ್ಕೆ ಚಂಚಲ ಸ್ವಭಾವದ ಅಪಖ್ಯಾತಿ ಇದೆ. ಬಿಸಿಯೋ ಉಪ್ಪಿನಂಶವೋ ಸ್ವಲ್ಪ ಏರುಪೇರಾದರೂ ಪಟ್ಟಿ ಬಂದು ಹೋಗುತ್ತದೆ. ಮೂರು ಸಲವೂ ಅದೇ ಐದು, ಅದೇ ಮೂರು. ಹನ್ನೆರಡು ಮರಗಳಲ್ಲಿ ಒಂದೇ ಎನಿಸಿದ್ದ ಪಟ್ಟಿಯೊಳಗೇ, ಒಂದೇ ಮರದ ಮಕ್ಕಳಲ್ಲಿ ಈ ಭೇದ. ಕತ್ತಲ ಕೋಣೆಯಲ್ಲಿ ಅತಿನೇರಳೆ ದೀಪದ ಮುಂದೆ ಮುಖಗವಸು ಹಾಕಿಕೊಂಡು ಬಹಳ ಹೊತ್ತು ನಿಂತಿದ್ದೆ.

ಈ ತಿರುಳಿನ ಉಪಕಾರ ಇಷ್ಟಕ್ಕೇ ಮುಗಿಯುವುದಿಲ್ಲ. ಅಂಡ ಹುಟ್ಟುವುದೂ ಇದೇ ತಿರುಳಿನಲ್ಲಿ. ಆದ್ದರಿಂದ ಭ್ರೂಣದ ಡಿಎನ್‌ಎಯಿಂದ ತಿರುಳಿನದ್ದನ್ನು ಕಳೆದರೆ ಉಳಿಯುವುದು ತಂದೆಯ ಪಾಲು, ಎಲ್ಲಿಂದಲೋ ಗಾಳಿಯಲ್ಲಿ ಬಂದ ಒಂದು ಪರಾಗ ಕಣದ ಪಾಲು. 2014ರಲ್ಲಿ ಲಾಬ್‌ಲಾಲಿ ಪೈನ್‌ನ ಡಿಎನ್‌ಎಯನ್ನು ಪೂರ್ತಿ ಓದಿ ಪ್ರಕಟಿಸಿದಾಗಲೂ ವಿಜ್ಞಾನಿಗಳು ಒಂದೇ ಒಂದು ಬೀಜದ ತಾಯಿತಿರುಳನ್ನು ಆಧಾರವಾಗಿ ಇಟ್ಟುಕೊಂಡರು. ಎರಡು ಪ್ರತಿಗಳ ಗೋಜಲಿಲ್ಲದ ಡಿಎನ್‌ಎ ಅದರಲ್ಲಿ ಸಿಗುತ್ತದೆ.

ಪೈನ್‌ಗಳಲ್ಲಿ ಇನ್ನೊಂದು ಅನುಕೂಲವಿದೆ. ಇದನ್ನು ಮೊದಲ ಸಲ ಓದಿದಾಗ ಪುಸ್ತಕ ಮುಚ್ಚಿ ಸುಮ್ಮನೆ ಕುಳಿತಿದ್ದೆ. ಕೋಶದಲ್ಲಿ ಡಿಎನ್‌ಎ ಇರುವುದು ಮೂರು ಕಡೆ: ಕೇಂದ್ರದಲ್ಲಿ, ಎಲೆಯ ಹಸಿರಿಗೆ ಕಾರಣವಾದ ಕ್ಲೋರೋಪ್ಲಾಸ್ಟ್‌ನಲ್ಲಿ, ಉಸಿರಾಟದ ಕೆಲಸ ಮಾಡುವ ಮೈಟೊಕಾಂಡ್ರಿಯದಲ್ಲಿ. ಕೇಂದ್ರದ್ದು ತಂದೆತಾಯಿ ಇಬ್ಬರಿಂದಲೂ ಬರುತ್ತದೆ. ಹೂ ಬಿಡುವ ಹೆಚ್ಚಿನ ಗಿಡಗಳಲ್ಲಿ ಉಳಿದೆರಡೂ ತಾಯಿಯಿಂದಲೇ ಬರುತ್ತವೆ. ಪೈನ್‌ಗಳಲ್ಲಿ ಕ್ಲೋರೋಪ್ಲಾಸ್ಟ್ ತಂದೆಯದು, ಮೈಟೊಕಾಂಡ್ರಿಯ ತಾಯಿಯದು. ಅಂದರೆ ಕ್ಲೋರೋಪ್ಲಾಸ್ಟ್ ಪರಾಗದೊಂದಿಗೂ ಬೀಜದೊಂದಿಗೂ ಪ್ರಯಾಣ ಮಾಡುತ್ತದೆ, ಮೈಟೊಕಾಂಡ್ರಿಯ ಬೀಜದೊಂದಿಗೆ ಮಾತ್ರ. ಪರಾಗ ಕಣಕ್ಕೆ ಎರಡು ಗಾಳಿಚೀಲಗಳಿವೆ. ಸಮುದ್ರದ ಮೇಲೆ 41 ಕಿಲೋಮೀಟರ್ ದೂರದಲ್ಲಿ ಹಿಡಿದ ಲಾಬ್‌ಲಾಲಿ ಪರಾಗ ಆಮೇಲೂ ಮೊಳೆತದ್ದು ದಾಖಲಾಗಿದೆ. ಬೀಜಕ್ಕೂ ಒಂದು ರೆಕ್ಕೆ ಇದೆಯಾದರೂ ಹೆಚ್ಚಿನವು ತಾಯಿಮರದ ಆಸುಪಾಸಿನಲ್ಲೇ ಬೀಳುತ್ತವೆ.

ಹೀಗಾಗಿ ಒಂದೇ ಕಾಡಿನ ಬಗ್ಗೆ ಮೂರು ಡಿಎನ್‌ಎಗಳೂ ಬೇರೆಬೇರೆ ಕಥೆ ಹೇಳುತ್ತವೆ, ಮೂರೂ ನಿಜ. ಸ್ಪೇನಿನಿಂದ ರಷ್ಯಾದ ಪೂರ್ವದವರೆಗೆ ಹರಡಿರುವ ಸ್ಕಾಟ್ಸ್ ಪೈನ್ ತೆಗೆದುಕೊಳ್ಳಿ. ಅದರ ಕೇಂದ್ರದ ಡಿಎನ್‌ಎ ನೋಡಿದರೆ ಕಾಡು ಕಾಡಿನ ನಡುವೆ ವ್ಯತ್ಯಾಸ ತೀರ ಕಡಿಮೆ, ಗಾಳಿ ಎಲ್ಲವನ್ನೂ ಕಲಸಿಬಿಟ್ಟಿದೆ. ಮೈಟೊಕಾಂಡ್ರಿಯದಲ್ಲಿ ಮಾತ್ರ ಹಿಮಯುಗದ ನೆನಪು ಉಳಿದಿದೆ. ಸ್ಪೇನಿನ ಮರಗಳಲ್ಲಿರುವ ಒಂದು ಬಗೆ ಉತ್ತರ ಯುರೋಪಿನಲ್ಲಿ ಇಲ್ಲವೇ ಇಲ್ಲ. ಹಿಮ ಕರಗಿದ ಮೇಲೆ ಉತ್ತರವನ್ನು ತುಂಬಿದ್ದು ಆ ಮರಗಳ ಬೀಜವಲ್ಲ. ಸ್ಕ್ಯಾಂಡಿನೇವಿಯಾದ ಮರಗಳಲ್ಲಿ ಒಂದಕ್ಕಿಂತ ಹೆಚ್ಚು ದಿಕ್ಕಿನಿಂದ ಬೀಜ ಬಂದ ಕುರುಹಿದೆ. ಹತ್ತು ಸಾವಿರ ವರ್ಷಗಳಿಂದ ಪರಾಗ ಗಡಿಗಳನ್ನು ಅಳಿಸುತ್ತಲೇ ಬಂದಿದ್ದರೂ, ಬೀಜ ನಿಧಾನವಾಗಿ ನಡೆದು ಬಂದ ದಾರಿ ಅಳಿಸಿಲ್ಲ.

ಗಾಳಿಯ ಈ ಕೆಲಸದಿಂದಲೇ, ವಿಶಾಲವಾಗಿ ಹರಡಿರುವ ಪೈನ್ ಜಾತಿಗಳಲ್ಲಿ ಒಟ್ಟು ವೈವಿಧ್ಯದ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಪ್ರತಿ ಕಾಡಿನ ಒಳಗೇ ಇರುತ್ತದೆ, ಕಾಡು ಕಾಡಿನ ನಡುವೆ ಉಳಿಯುವುದು ಸ್ವಲ್ಪ. ಈ ಮಾತನ್ನು ಅವಸರದಲ್ಲಿ ಕೇಳಿದವರು 'ಹಾಗಾದರೆ ಯಾವ ಕಾಡಿನ ಬೀಜವಾದರೂ ಆಯಿತಲ್ಲ' ಎನ್ನುತ್ತಾರೆ. ನಾನೂ ಒಂದು ಕಾಲದಲ್ಲಿ ಹಾಗೆ ಅಂದುಕೊಂಡಿದ್ದೆ. ಹಾಗೆಂದುಕೊಂಡು ಬೀಜ ಸಾಗಿಸಿದರೆ ಮರಗಳು ಸಾಯುತ್ತವೆ.

ಫಿನ್‌ಲ್ಯಾಂಡಿನಲ್ಲಿ ಇದನ್ನು ತುಂಬ ಚೆನ್ನಾಗಿ ನೋಡಿದ್ದಾರೆ. ದಕ್ಷಿಣದ ಮತ್ತು ಉತ್ತರದ ಸ್ಕಾಟ್ಸ್ ಪೈನ್‌ಗಳ ನಡುವೆ ಡಿಎನ್‌ಎ ಗುರುತುಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಆದರೆ ಎರಡೂ ಕಡೆಯ ಬೀಜಗಳನ್ನು ಒಂದೇ ಜಾಗದಲ್ಲಿ ಬಿತ್ತಿದರೆ ಉತ್ತರದ ಸಸಿ ಬೇಸಿಗೆಯ ಹಗಲು ಕುಗ್ಗತೊಡಗಿದಾಗಲೇ ಬೆಳವಣಿಗೆ ನಿಲ್ಲಿಸಿ ತುದಿಮೊಗ್ಗು ಕಟ್ಟಿ ಚಳಿಗೆ ಸಿದ್ಧವಾಗುತ್ತದೆ. ದಕ್ಷಿಣದ ಸಸಿ ಇನ್ನೂ ಕೆಲವು ವಾರ ಬೆಳೆಯುತ್ತಲೇ ಇರುತ್ತದೆ. ಮಣ್ಣು, ನೀರು, ಬೆಳಕು ಎಲ್ಲ ಒಂದೇ ಆಗಿದ್ದರೂ ಹೀಗೆ, ಆದ್ದರಿಂದ ಈ ವ್ಯತ್ಯಾಸ ವಂಶದಿಂದ ಬಂದದ್ದು. ದಕ್ಷಿಣದ ಸಸಿಯನ್ನು ಉತ್ತರಕ್ಕೆ ಒಯ್ದು ನೆಟ್ಟರೆ ಅದು ಎಳೆಯ ಚಿಗುರಿನಲ್ಲಿರುವಾಗಲೇ ಹಿಮ ಬೀಳುತ್ತದೆ.

ನಮ್ಮ ಪಟ್ಟಿಗಳಿಗೆ ಇದು ಕಾಣದೆ ಹೋದದ್ದು ಹೇಗೆ? ನಾವು ಸಾಮಾನ್ಯವಾಗಿ ನೋಡುವ ಗುರುತುಗಳು ಯಾವ ಕೆಲಸವನ್ನೂ ಹೊತ್ತಿಲ್ಲದ ಡಿಎನ್‌ಎ ಭಾಗಗಳಲ್ಲಿರುತ್ತವೆ. ಪೈನ್‌ನ ಡಿಎನ್‌ಎಯಲ್ಲಿ ಅಂಥ ಭಾಗವೇ ಹೆಚ್ಚು. ಲಾಬ್‌ಲಾಲಿಯಲ್ಲಿ ನೂರಕ್ಕೆ ಎಂಬತ್ತರಷ್ಟು ಒಂದೇ ಬಗೆಯ ತುಣುಕುಗಳ ಪುನರಾವರ್ತನೆ. ಹಿಮ ಬಂದಾಗ ಆ ಭಾಗದಲ್ಲಿ ಯಾವ ಅಕ್ಷರವಿತ್ತು ಎಂಬುದು ಸಸಿಯ ಸಾವುಬದುಕಿಗೆ ಸಂಬಂಧಿಸುವುದಿಲ್ಲ. ತುದಿಮೊಗ್ಗಿನ ಸಮಯವನ್ನು ನಿರ್ಧರಿಸುವುದು ಒಂದೆರಡು ದೊಡ್ಡ ವಂಶವಾಹಿಗಳೂ ಅಲ್ಲ, ಸಣ್ಣ ಸಣ್ಣ ಪ್ರಭಾವದ ಬಹಳಷ್ಟು ವಂಶವಾಹಿಗಳು ಕೂಡಿ. ಒಂದೊಂದರಲ್ಲೂ ಉತ್ತರ ದಕ್ಷಿಣದ ವ್ಯತ್ಯಾಸ ಗಮನಕ್ಕೆ ಬಾರದಷ್ಟು. ಎಲ್ಲವೂ ಒಂದೇ ಕಡೆಗೆ ವಾಲಿದಾಗ ವಾರಗಳ ಅಂತರ. ಗಾಳಿ ಪ್ರತಿ ವರ್ಷ ದಕ್ಷಿಣದ ಪರಾಗವನ್ನು ತಂದು ಸುರಿಯುತ್ತದೆ, ಚಳಿ ಪ್ರತಿ ವರ್ಷ ಹೊಂದದ ಸಸಿಗಳನ್ನು ತೆಗೆದುಹಾಕುತ್ತದೆ. ಕಾಡು ನಿಂತಿರುವುದು ಈ ಎರಡರ ನಡುವೆ. ಈಗ ಪೈನ್‌ಗಳಲ್ಲಿ ಒಂದೇ ಸಲಕ್ಕೆ ಸುಮಾರು 50,000 ಗುರುತುಗಳನ್ನು ಓದುವ ಚಿಪ್‌ಗಳು ಬಂದಿವೆ. ಆದರೂ ಒಂದೇ ತೋಟದಲ್ಲಿ ಬಿತ್ತಿ ವರ್ಷಗಟ್ಟಲೆ ಅಳೆಯುವ ಹಳೆಯ ಪದ್ಧತಿಗೆ ಬದಲಿ ಸಿಕ್ಕಿಲ್ಲ ಎಂದೇ ನಾನು ನಂಬುತ್ತೇನೆ.

ಗುರುತುಗಳು ನಿಜಕ್ಕೂ ಮೌನವಾಗಿರುವ ಪೈನ್‌ಗಳೂ ಇವೆ, ಅವು ನನ್ನನ್ನು ಬೇರೆ ರೀತಿಯಲ್ಲಿ ಕಾಡುತ್ತವೆ. ಕ್ಯಾಲಿಫೋರ್ನಿಯಾದ ಟಾರಿ ಪೈನ್ ಇಡೀ ಜಗತ್ತಿನಲ್ಲಿ ಸಹಜವಾಗಿ ಬೆಳೆಯುವುದು ಎರಡೇ ಕಡೆ, ಸ್ಯಾನ್ ಡಿಯಾಗೊ ಹತ್ತಿರದ ಕರಾವಳಿಯಲ್ಲಿ ಮತ್ತು ಸಾಂಟಾ ರೋಸಾ ದ್ವೀಪದಲ್ಲಿ. 1983ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅದರ ಕಿಣ್ವಗಳ 59 ವಂಶವಾಹಿ ಜಾಗಗಳನ್ನು ನೋಡಿದರು. ಕರಾವಳಿಯ ಮರಗಳೆಲ್ಲ ಪರಸ್ಪರ ಒಂದೇ. ದ್ವೀಪದ ಮರಗಳೂ ಪರಸ್ಪರ ಒಂದೇ. ಎರಡು ಕಡೆಗಳ ನಡುವೆ ಎರಡು ಜಾಗಗಳಲ್ಲಿ ಮಾತ್ರ ವ್ಯತ್ಯಾಸ. ಕಣ್ಣಿಗಾದರೋ ಭೇದ ಎದ್ದು ಕಾಣುತ್ತದೆ, ದ್ವೀಪದವು ಗಿಡ್ಡ, ಅಗಲಕ್ಕೆ ಹರಡಿದವು. ಎರಡನ್ನೂ ಬೆರೆಸಿ ಹುಟ್ಟಿದ ಸಸಿಗಳನ್ನು ಒಂದೇ ತೋಟದಲ್ಲಿ ಬೆಳೆಸಿ ನೋಡಿದಾಗ ಅವು ಎರಡೂ ಕಡೆಯ ಮರಗಳನ್ನು ಎತ್ತರದಲ್ಲಿ ಮೀರಿಸಿದವು. ಇಲ್ಲಿ ಬೆರೆಸುವುದರಿಂದ ಬಲ ಬರಬಹುದು ಎಂದು ಇದು ಸೂಚಿಸುತ್ತದೆ. ಫಿನ್‌ಲ್ಯಾಂಡಿನಲ್ಲಿ ಬೀಜ ಸಾಗಿಸಬಾರದು ಎಂಬ ಪಾಠವನ್ನು ಇಲ್ಲಿ ಹಾಗೆಯೇ ಒಪ್ಪಿಸಲಾಗುವುದಿಲ್ಲ.

ಉತ್ತರ ಅಮೆರಿಕದ ಈಶಾನ್ಯದ ರೆಡ್ ಪೈನ್ ಕಥೆ ನನ್ನ ನೋಟುಬುಕ್ಕಿಗೆ ಹತ್ತಿರದ್ದು. ಕಿಣ್ವಗಳನ್ನು ನೋಡಿದವರಿಗೆ ಅದರಲ್ಲಿ ಹೆಚ್ಚುಕಡಿಮೆ ಏನೂ ವ್ಯತ್ಯಾಸ ಸಿಗಲಿಲ್ಲ, ವೈವಿಧ್ಯವಿಲ್ಲದ ಮರ ಎಂದೇ ಹೆಸರಾಗಿತ್ತು. 1998ರಲ್ಲಿ ಕ್ಲೋರೋಪ್ಲಾಸ್ಟ್‌ನ ಮೈಕ್ರೋಸ್ಯಾಟಲೈಟ್ ಗುರುತುಗಳನ್ನು ಹಾಕಿ ನೋಡಿದಾಗ ಅದೇ ಮರದಲ್ಲಿ ಕಾಡಿನಿಂದ ಕಾಡಿಗೂ ಕಾಡಿನೊಳಗೂ ವೈವಿಧ್ಯ ಸಿಕ್ಕಿತು. ಒಂದೇ ಅಕ್ಷರ ಸಾಲಾಗಿ ಹತ್ತು ಹನ್ನೆರಡು ಸಲ ಬರುವ ಜಾಗಗಳು ಅವು. ಪ್ರತಿ ಮಾಡುವಾಗ ಒಂದಕ್ಷರ ಹೆಚ್ಚುಕಡಿಮೆ ಆಗುವ ತಪ್ಪು ಅಲ್ಲಿ ಬೇಗ ಬೇಗ ನಡೆಯುತ್ತದೆ, ಹಾಗಾಗಿ ಇತ್ತೀಚಿನ ಕಾಲದ ವ್ಯತ್ಯಾಸವೂ ದಾಖಲಾಗುತ್ತದೆ. ಆದರೆ ಮೆಡಿಟರೇನಿಯನ್ ಸುತ್ತ ಬೆಳೆಯುವ ಸ್ಟೋನ್ ಪೈನ್‌ನಲ್ಲಿ ಅದೇ ಬಗೆಯ ಗುರುತುಗಳನ್ನು ಹಾಕಿದರೂ ಬಹುಪಾಲು ಪ್ರದೇಶದಲ್ಲಿ ಒಂದೇ ಬಗೆ ಸಿಕ್ಕಿತು. ಅಷ್ಟು ಏಕರೂಪದ ಮರ ಅಷ್ಟು ದೇಶಗಳಲ್ಲಿ ಸೊಂಪಾಗಿ ಬೆಳೆಯುತ್ತಿದೆ. ವೈವಿಧ್ಯ ಕಡಿಮೆಯಾದ ಕೂಡಲೆ ಮರ ಅಳಿಯುತ್ತದೆ ಎಂದು ನಂಬಿದ್ದ ನನಗೆ ಇದನ್ನು ಒಪ್ಪಿಕೊಳ್ಳಲು ಸಮಯ ಹಿಡಿಯಿತು.

ಈ ಎಲ್ಲ ಮರಗಳಲ್ಲಿ ನಾನು ಮತ್ತೆ ಮತ್ತೆ ಮರಳುವುದು ಗ್ವಾಡಲೂಪೆ ದ್ವೀಪಕ್ಕೆ. ರೇಡಿಯಾಟಾ ಪೈನ್ ಇಂದು ನ್ಯೂಜಿಲೆಂಡ್, ಚಿಲಿ, ಆಸ್ಟ್ರೇಲಿಯಾಗಳಲ್ಲಿ ಲಕ್ಷಾಂತರ ಹೆಕ್ಟೇರ್ ನೆಡುತೋಪುಗಳಲ್ಲಿದೆ. ಅದರ ಸಹಜ ನೆಲೆ ಮಾತ್ರ ಐದೇ: ಕ್ಯಾಲಿಫೋರ್ನಿಯಾದ ಕರಾವಳಿಯಲ್ಲಿ ಆನ್ಯೊ ನ್ಯುಯೆವೊ, ಮಾಂಟೆರೆ, ಕ್ಯಾಂಬ್ರಿಯಾ, ಮೆಕ್ಸಿಕೋದ ದ್ವೀಪಗಳಾದ ಗ್ವಾಡಲೂಪೆ ಮತ್ತು ಸೆಡ್ರೋಸ್. ನ್ಯೂಜಿಲೆಂಡಿನ ತೋಪುಗಳ ಮೂಲ ಬೀಜ ಬಂದದ್ದು ಮುಖ್ಯವಾಗಿ ಆನ್ಯೊ ನ್ಯುಯೆವೊ ಮತ್ತು ಮಾಂಟೆರೆಯಿಂದ. ಐದರಲ್ಲಿ ಎರಡರ ಮಕ್ಕಳು ಲಕ್ಷಾಂತರ ಹೆಕ್ಟೇರ್ ತುಂಬಿದರು. ಗ್ವಾಡಲೂಪೆಯಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಹಡಗಿನವರು ಬಿಟ್ಟ ಆಡುಗಳು ಸಾವಿರಗಟ್ಟಲೆಯಾಗಿ, ಮೊಳೆತ ಸಸಿಯನ್ನೆಲ್ಲ ಮೇಯುತ್ತ ಹೋದವು. ಈ ಶತಮಾನದ ಆರಂಭಕ್ಕೆ ಅಲ್ಲಿ ಉಳಿದಿದ್ದು ಇನ್ನೂರು ಚಿಲ್ಲರೆ ಮರ, ಎಲ್ಲವೂ ಮುದಿ ಮರಗಳೇ.

ಅಂಥ ಜಾಗಕ್ಕೆ ಹೋಗಿ ಎಲೆ ಕಿತ್ತು ಡಿಎನ್‌ಎ ನೋಡಿದರೆ ಉತ್ತರ ಸಮಾಧಾನಕರವಾಗಿಯೇ ಬರುತ್ತದೆ. ಮುದಿ ಮರಗಳು ಹುಟ್ಟಿದ್ದು ಕಾಡು ದೊಡ್ಡದಿದ್ದಾಗ. ಆ ಕಾಲದ ವೈವಿಧ್ಯ ಅವುಗಳ ಮೈಯಲ್ಲಿ ಇನ್ನೂ ಇದೆ. ಮರದ ಆಯುಷ್ಯ ದೀರ್ಘ, ಆದ್ದರಿಂದ ನಷ್ಟ ತಡವಾಗಿ ಕಾಣುತ್ತದೆ. ಒಂದು ಶತಮಾನದಿಂದ ಒಂದು ಸಸಿಯೂ ಮೇಲೆದ್ದಿಲ್ಲ ಎಂಬುದನ್ನು ಯಾವ ಪ್ರೈಮರ್ ತಾನೇ ಹೇಳೀತು? ಅದಕ್ಕೆ ನೆಲ ನೋಡಬೇಕು. ಇನ್ನೊಂದು ಅಪಾಯವೂ ಇದೆ. ಮರಗಳು ದೂರ ದೂರ ಉಳಿದಾಗ ಪರಾಗ ತನ್ನ ಮರಕ್ಕೇ ಬೀಳುವುದು ಹೆಚ್ಚುತ್ತದೆ. ಪೈನ್ ತನ್ನ ಪರಾಗದಿಂದ ತಾನೇ ಬೀಜ ಕಟ್ಟಿದರೆ ಭ್ರೂಣಗಳು ಬಹುಪಾಲು ಒಳಗೇ ಸತ್ತು ಬೀಜ ಜೊಳ್ಳಾಗುತ್ತದೆ. ಬೀಜಗಳನ್ನು ಹೊತ್ತ ಶಂಕು ಹೊರಗಿನಿಂದ ತುಂಬಿಕೊಂಡಿರುತ್ತದೆ, ಒಡೆದರೆ ಸಿಪ್ಪೆಯೊಳಗೆ ಏನೂ ಇಲ್ಲ.

ಬೀಜ ಸಂಗ್ರಹಿಸುವವರನ್ನು ಕಂಡಾಗಲೆಲ್ಲ ನಾನು 'ಎಷ್ಟು ಕಿಲೋ' ಎಂದು ಕೇಳದೆ 'ಎಷ್ಟು ತಾಯಿಮರ' ಎಂದು ಕೇಳುವುದು ಇದಕ್ಕೇ. ಹತ್ತಲು ಸುಲಭವಾದ, ಶಂಕು ತುಂಬ ಬಿಟ್ಟ ಮೂರು ಮರಗಳಿಂದ ಒಂದು ಮೂಟೆ ತುಂಬುತ್ತದೆ. ಐವತ್ತು ಮರಗಳಿಂದ, ಅದೂ ಅಕ್ಕಪಕ್ಕದ ಅಕ್ಕತಂಗಿಯರನ್ನು ಬಿಟ್ಟು ದೂರ ದೂರದ ಮರಗಳಿಂದ ತುಂಬಿದ ಮೂಟೆಯೂ ತೂಕದಲ್ಲಿ ಅಷ್ಟೇ ಇರುತ್ತದೆ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಯಾವ ವ್ಯತ್ಯಾಸವೂ ಕಾಣುವುದಿಲ್ಲ, ಮೂವತ್ತು ವರ್ಷದ ನಂತರ ಅವುಗಳಿಂದ ಎದ್ದ ಕಾಡುಗಳನ್ನು ನೋಡಿದರೂ ಕಾಣದಿರಬಹುದು. ಒಂದು ರೋಗ ಬಂದಾಗಲೋ ಒಂದು ಬರ ಬಂದಾಗಲೋ ಗೊತ್ತಾಗುತ್ತದೆ.

ಗ್ವಾಡಲೂಪೆಯಲ್ಲಿ ಈ ಶತಮಾನದ ಮೊದಲ ದಶಕದಲ್ಲಿ ಮುದಿ ಮರಗಳ ಸುತ್ತ ಬೇಲಿ ಹಾಕಿದರು, ಕೊನೆಗೆ ದ್ವೀಪದಿಂದ ಆಡುಗಳನ್ನೇ ತೆಗೆದರು. ಬೇಲಿಯೊಳಗೆ ಸಸಿಗಳು ಎದ್ದವು, ನೂರಾರು, ಆಮೇಲೆ ಸಾವಿರಾರು. ಅಲ್ಲಿಗೆ ಹೋಗುವ ಭಾಗ್ಯ ನನಗೆ ಬಂದಿಲ್ಲ. ಬಂದರೆ ಎಲೆ ಕೀಳುವುದು ಮುದಿ ಮರಗಳಿಂದಲ್ಲ, ಮೊಣಕಾಲೆತ್ತರದ ಆ ಸಸಿಗಳಿಂದ. ಇನ್ನೂರು ಚಿಲ್ಲರೆ ತಾಯಂದಿರಲ್ಲಿ ಎಷ್ಟು ಜನರ ಪಾಲು ಅವುಗಳಲ್ಲಿ ಬಂದಿದೆ ಎಂದು ನೋಡಬೇಕು.